ಸಮವಸ್ತ್ರದ ಲೆಕ್ಕ

ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಧ್ವಜವಂದನೆಗೆ ಸಾಲಾಗಿ ನಿಂತರೆ ನೋಡುವುದೇ ಒಂದು ಸೊಗಸು. ನೀಲಿ ಬಟ್ಟೆ, ಕೊರಳಲ್ಲಿ ಸ್ಕಾರ್ಫು, ಸೊಂಟಕ್ಕೆ ಬೆಲ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಯಾರು ಅಂಗಡಿ ಸಾಹುಕಾರರ ಮಗಳು, ಯಾರು ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವಳ ಮಗಳು ಎಂದು ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಭಾಷಣಕ್ಕೆ ಬಂದ ಹಿರಿಯರು ಪ್ರತಿ ವರ್ಷವೂ ಇದನ್ನೇ ಹೇಳುತ್ತಾರೆ, ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಬೆಳಕವಾಡಿಯಲ್ಲಿ ಪಾಠ ಹೇಳುತ್ತ, ಅದರ ಜೊತೆಗೆ ಗೈಡ್ ಕ್ಯಾಪ್ಟನ್ ಕೆಲಸವನ್ನೂ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡಿದೆ. ಎಲ್ಲರೂ ಒಂದೇ ಬಟ್ಟೆ ತೊಟ್ಟರೆ ಸಮಾನತೆ ಎನ್ನುತ್ತೇವಲ್ಲ, ಆ ಒಂದೇ ಬಟ್ಟೆಗೆ ಎಲ್ಲರೂ ಒಂದೇ ಬೆಲೆ ತೆರುವುದೂ ಸಮಾನತೆಯೇ?

ಶಾಲೆಯ ಸಮವಸ್ತ್ರದ ವಿಷಯ ಬೇರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಅದು ಸರ್ಕಾರದಿಂದ ಬರುತ್ತದೆ. ತಡವಾಗಿ ಬರಬಹುದು, ಅಳತೆ ಹೆಚ್ಚುಕಡಿಮೆ ಆಗಬಹುದು, ಅಂತೂ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ, ಎಂಟನೆಯ ತರಗತಿಯವರೆಗೆ ಮಗುವಿನ ಓದಿಗೆ ಅಡ್ಡಿಯಾಗುವಂಥ ಯಾವ ಖರ್ಚನ್ನೂ ಮಗುವಿನ ಮೇಲೆ ಹೊರಿಸಬಾರದು ಎನ್ನುತ್ತದೆ. ಆದರೆ ಗೈಡ್ಸ್ ಎಂಬುದು ಪಾಠವಲ್ಲ, ಇಷ್ಟಪಟ್ಟು ಸೇರುವಂಥದ್ದು. ಆದ್ದರಿಂದ ಅದರ ಬಟ್ಟೆ ಮನೆಯವರ ಜವಾಬ್ದಾರಿ. ಇಷ್ಟವಿದ್ದವರು ಸೇರಲಿ ಎನ್ನುವ ಮಾತು ಕೇಳುವುದಕ್ಕೆ ಬಹಳ ಉದಾರವಾಗಿದೆ. ಇಷ್ಟ ಎನ್ನುವುದು ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಬರುವ ಸಂಗತಿಯೋ ಏನೋ!

2024ರಲ್ಲಿ ನಾನು ನನ್ನ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಹೇಳುತ್ತೇನೆ. ಒಬ್ಬ ಹುಡುಗಿಯ ಸಲ್ವಾರ್ ಕಮೀಜಿನ ಬಟ್ಟೆಗೆ 650 ರೂಪಾಯಿ, ಹೊಲಿಗೆಗೆ 400, ಬೆಲ್ಟು, ಸ್ಕಾರ್ಫು, ಅದನ್ನು ಕೊರಳಲ್ಲಿ ಹಿಡಿದಿಡುವ ವಾಗಲ್ ಎಂಬ ಉಂಗುರ, ಬ್ಯಾಡ್ಜು, ಸೀಟಿ, ಸೀಟಿಯ ಹುರಿ ಎಲ್ಲ ಸೇರಿ 350. ಒಟ್ಟು 1400. ಶೂ ಸರ್ಕಾರದ್ದೇ ಆದ್ದರಿಂದ ಅದೊಂದು ಉಳಿಯಿತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಅಂದರೆ ಹೆಚ್ಚುಕಡಿಮೆ ನಾಲ್ಕು ದಿನದ ದುಡಿಮೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿನ ಎರಡು ಜೊತೆ ಶಾಲಾ ಬಟ್ಟೆಗೆ ಇಟ್ಟಿದ್ದ ಮಿತಿ 600 ರೂಪಾಯಿ. ಎರಡು ಜೊತೆಗೆ ಅಷ್ಟೇ ಸಾಕು ಎಂದು ಲೆಕ್ಕ ಹಾಕಿದ ದೇಶದಲ್ಲಿ, ವಾರಕ್ಕೊಂದು ದಿನ ತೊಡುವ ಒಂದು ಜೊತೆಗೆ ಅದರ ಎರಡರಷ್ಟಕ್ಕೂ ಹೆಚ್ಚು. ಗೈಡ್ಸ್ ನಿಯಮಗಳಲ್ಲಿ ಒಂದು, ಗೈಡ್ ಆದವಳು ಮಿತವ್ಯಯಿ ಎನ್ನುವುದು. ನಿಯಮಗಳನ್ನು ಹೇಳಿಸುವಾಗ ಆ ಸಾಲಿಗೆ ಬಂದರೆ ನನಗೆ ಈ ಲೆಕ್ಕದ ಪುಸ್ತಕ ನೆನಪಾಗುತ್ತದೆ.

ಒಬ್ಬ ತಾಯಿ ನನ್ನ ಹತ್ತಿರ ಬಂದು ಮಗಳನ್ನು ಗೈಡ್ಸಿನಿಂದ ಬಿಡಿಸಿ ಎಂದಳು. ಹುಡುಗಿ ಚುರುಕು. ಗಂಟು ಹಾಕುವುದರಲ್ಲಿ, ಪ್ರಥಮ ಚಿಕಿತ್ಸೆಯಲ್ಲಿ ಉಳಿದವರಿಗೆ ಹೇಳಿಕೊಡುವಷ್ಟು ಪಳಗಿದ್ದಳು. "ಯಾಕವ್ವಾ?" ಎಂದೆ.

"ಒಂದು ಜೊತೆ ಬಟ್ಟೆ ಹೆಂಗೋ ತಂದುಬುಡ್ತೀನಿ ಮೇಡಮ್ಮೋರೆ. ಇವಳ ತಂಗಿ ಸುಮ್ಕಿದ್ದಾಳಾ? ಒಬ್ಬಳಿಗೆ ಕೊಡ್ಸಿ ಇನ್ನೊಬ್ಬಳಿಗೆ ಇಲ್ಲ ಅನ್ನಾಕೆ ನನ್ ಕೈಲಿ ಆಗಕಿಲ್ಲ."

"ನಾನು ಕೊಡಿಸ್ತೀನಿ, ಬಿಡು."

"ಬ್ಯಾಡಿ. ನೀವು ಕೊಡ್ಸಿದ್ರೆ ಅದ ಹಾಕ್ಕಂಡಾಗಲೆಲ್ಲ ನಿಮ್ ಮುಂದೆ ತಲೆ ತಗ್ಗಿಸ್ಕಂಡು ನಿಂತ್ಕತಾಳೆ. ಅದಕ್ಕೇನಾ ನಾವು ಓದಾಕೆ ಕಳ್ಸಾದು?"

ದಾನದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಬಿ.ಎ.ಯಲ್ಲೂ ಓದಲಿಲ್ಲ, ಬಿ.ಎಡ್.ನಲ್ಲೂ ಓದಲಿಲ್ಲ. ಬಡತನವನ್ನು ಮರೆಸಲೆಂದೇ ಇರುವ ಬಟ್ಟೆ, ಬಿಟ್ಟಿಯಾಗಿ ಬಂದರೆ ಬಡತನವನ್ನೇ ಹೇಳುತ್ತದೆ. ಊರಿಗೆ ಹೇಳದಿದ್ದರೂ ತೊಟ್ಟವಳಿಗೆ ಹೇಳುತ್ತದೆ.

ಇನ್ನು ಬಟ್ಟೆಯ ಗುಣದ ಮಾತು. ಮನೆ ನಡೆಸುವ ನಿಮಗೆ ನಾನು ಹೇಳಬೇಕಾದ್ದೇನೂ ಇಲ್ಲ, ಆದರೂ ಹೇಳುತ್ತೇನೆ. ಒಮ್ಮೆ ಪಟ್ಟಣದ ಒಂದು ಅಂಗಡಿಯಿಂದ ಸಿದ್ಧ ಉಡುಪು ತರಿಸಿದೆವು. ನಾಲ್ಕು ಒಗೆತಕ್ಕೆ ನೀಲಿ ಹೋಗಿ ಬೂದಿಯ ಬಣ್ಣ ಬಂತು. ಒಳಗಡೆ ನೋಡಿದರೆ ಹೊಲಿಗೆಯ ಪಕ್ಕದಲ್ಲಿ ಕಾಲಿಂಚು ಬಟ್ಟೆಯೂ ಇಲ್ಲ. ಹನ್ನೆರಡು ಹದಿಮೂರರ ಹುಡುಗಿಯರು ಒಂದು ವರ್ಷದಲ್ಲಿ ಎಷ್ಟು ಬೆಳೆಯುತ್ತಾರೆ! ನಮ್ಮ ಕಾಲದಲ್ಲಿ ಅಮ್ಮಂದಿರು ದರ್ಜಿಗೆ ಹೇಳುತ್ತಿದ್ದ ಮೊದಲ ಮಾತೇ ಒಳಗೆ ಬಟ್ಟೆ ಬಿಟ್ಟು ಹೊಲಿ, ಕೆಳಗೆ ಎರಡಿಂಚು ಮಡಿಚು ಎಂದು. ವರ್ಷ ಕಳೆದರೆ ಮಡಿಕೆ ಬಿಚ್ಚುತ್ತಿದ್ದರು. ಸಿದ್ಧ ಉಡುಪಿನಲ್ಲಿ ಬಿಚ್ಚುವುದಕ್ಕೆ ಏನಿದೆ? ಈಗ ನಾನು ಬಟ್ಟೆ ಕೊಳ್ಳುವ ಮೊದಲು ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಉಜ್ಜಿ ಬಣ್ಣ ಹತ್ತುತ್ತದೆಯೇ ನೋಡುತ್ತೇನೆ. ಒಂದು ಎಳೆ ಕಿತ್ತು ಬೆಂಕಿ ತಗುಲಿಸಿದರೆ ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಬರೀ ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಬಿಸಿಲಿನಲ್ಲಿ ಕವಾಯತು ಮಾಡುವ ಮಕ್ಕಳಿಗೆ ಅದು ಶಿಕ್ಷೆಯೇ. ಬರೀ ಹತ್ತಿಯಾದರೆ ಇಸ್ತ್ರಿ ಬೇಕು, ಇಸ್ತ್ರಿ ಎಲ್ಲರ ಮನೆಯಲ್ಲಿಲ್ಲ. ಕೊನೆಗೆ ಟೆರಿಕಾಟೇ ಗತಿ.

ಅಗ್ಗದ ಬಟ್ಟೆಯಲ್ಲಿ ಇನ್ನೊಂದು ಅನ್ಯಾಯವಿದೆ. ಎರಡು ಜೊತೆ ಇರುವವಳ ಬಟ್ಟೆ ಮೆಲ್ಲಗೆ ಹಳತಾಗುತ್ತದೆ. ಒಂದೇ ಜೊತೆ ಇರುವವಳದ್ದು ಶಿಬಿರದಲ್ಲಿ ಪ್ರತಿ ರಾತ್ರಿ ಕಲ್ಲಿನ ಮೇಲೆ ಕುಸುಬಿಸಿಕೊಂಡು ಬೇಗ ಮಾಸುತ್ತದೆ. ವರ್ಷದ ಕೊನೆಗೆ ಸಾಲನ್ನು ಹತ್ತಿರದಿಂದ ನೋಡಿ. ಯಾರ ಮನೆಯಲ್ಲಿ ಏನಿದೆ ಎಂಬುದನ್ನು ಬಣ್ಣವೇ ಹೇಳುತ್ತದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಇದೆಯಲ್ಲ. ಪರರ ಇಚ್ಛೆಗೆ ತೊಡುವುದಾದರೆ ಪರರೇ ಯಾಕೆ ಖರ್ಚು ಕೊಡಬಾರದು ಎಂದು ತಮಾಷೆಗೆ ಕೇಳಬೇಕೆನ್ನಿಸುತ್ತದೆ.

ಇಂಥ ಯೋಚನೆಯಲ್ಲೇ ಒಮ್ಮೆ ಈ ಚಳವಳಿಯ ಹುಟ್ಟನ್ನು ಓದುತ್ತಿದ್ದೆ. ಬೇಡನ್ ಪೊವೆಲ್ ಮೊದಲ ಶಿಬಿರ ನಡೆಸಿದ್ದು 1907ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ. ಈಟನ್, ಹ್ಯಾರೋಗಳಂಥ ಶ್ರೀಮಂತ ಶಾಲೆಯ ಹುಡುಗರನ್ನೂ, ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಸಾಮಾನ್ಯ ಮನೆಯ ಹುಡುಗರನ್ನೂ ಬೇಕೆಂದೇ ಒಟ್ಟಿಗೆ ಸೇರಿಸಿದ್ದರು. ಆ ಶಿಬಿರದಲ್ಲಿ ಸಮವಸ್ತ್ರ ಎನ್ನುವುದೇ ಇರಲಿಲ್ಲ! ಹುಡುಗರು ತಮ್ಮ ಬಟ್ಟೆಯಲ್ಲೇ ಇದ್ದರು. ಖಾಕಿ ಸ್ಕಾರ್ಫು, ಒಂದು ಹಿತ್ತಾಳೆ ಬ್ಯಾಡ್ಜು, ಯಾವ ತಂಡದವರು ಎಂದು ಗೊತ್ತಾಗಲು ಹೆಗಲಿಗೆ ಬಣ್ಣದ ಉಣ್ಣೆಯ ಎಳೆ. ಅಷ್ಟೇ. ಇನ್ನೂ ಚೆನ್ನಾಗಿರುವುದು ಶುಲ್ಕದ ಸಂಗತಿ. ಶ್ರೀಮಂತ ಶಾಲೆಯವರಿಗೆ ಒಂದು ಪೌಂಡು, ಉಳಿದವರಿಗೆ ಮೂರೂವರೆ ಶಿಲ್ಲಿಂಗ್. ಆಗ ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಸುಮಾರು ಆರರಲ್ಲಿ ಒಂದು ಪಾಲು ಕೊಟ್ಟ ಹುಡುಗನೂ ಅದೇ ಡೇರೆಯಲ್ಲಿ ಮಲಗಿದ, ಅದೇ ಅಡುಗೆ ಉಂಡ. ಸಮಾನತೆ ಬಟ್ಟೆಯಿಂದ ಅಲ್ಲ, ಕೊಡುವ ಪಾಲಿನಿಂದ ಶುರುವಾಗಿತ್ತು. ನಾವು ಸ್ಕಾರ್ಫು ಉಳಿಸಿಕೊಂಡೆವು, ಬಟ್ಟೆ ಸೇರಿಸಿದೆವು, ಆ ಶುಲ್ಕದ ಬುದ್ಧಿಯನ್ನು ಮಾತ್ರ ಬಿಟ್ಟುಬಿಟ್ಟೆವು.

ನಮ್ಮ ದೇಶದಲ್ಲಿ ಮೊದಲ ದಳ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಎಂಬುವರಿಂದ. ಅದಕ್ಕೆ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. 1917ರಲ್ಲಿ ಆನಿ ಬೆಸೆಂಟ್ ಮದರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿ ಬೇರೆ ಸಂಘ ಕಟ್ಟಿದಾಗ ಮಕ್ಕಳ ತಲೆಗೆ ನಮ್ಮ ಪೇಟ ಬಂತು. 1923ರಲ್ಲಿ ಡಾಕ್ಟರ್ ಹರ್ಡೀಕರರು ಕಟ್ಟಿ ಹುಬ್ಬಳ್ಳಿಯಿಂದ ನಡೆಸಿದ ಸೇವಾದಳದವರು ಖಾದಿ ತೊಟ್ಟರು. ಖಾದಿ ಬಡವರ ಬಟ್ಟೆ ಎನ್ನುತ್ತಿದ್ದರೇ ಹೊರತು ಗಿರಣಿ ಬಟ್ಟೆಗಿಂತ ಅದಕ್ಕೇ ಬೆಲೆ ಹೆಚ್ಚು. 1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ಸು ಸದಸ್ಯತ್ವದ ಚಂದಾವನ್ನು ಕಾಸಿನ ಬದಲು ನೂಲಿನಲ್ಲಿ ಕೇಳಿತು, ತಿಂಗಳಿಗೆ 2000 ಗಜ. ಕಾಸಿಲ್ಲದವರೂ ದುಡಿದು ಕೊಡಬಹುದಾದ ಚಂದಾ. ಆದರೆ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ತಂದು ಕೊಡಬಹುದಿತ್ತು! ಮಾರನೆಯ ವರ್ಷವೇ ನಿಯಮ ಸಡಿಲವಾಗಿ ಕಾಸೂ ನಡೆಯಿತು. ಕಾಸಿದ್ದವರು ಎಲ್ಲ ಕಾಲದಲ್ಲೂ ಒಂದು ಒಳದಾರಿ ಕಂಡುಕೊಳ್ಳುತ್ತಾರೆ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಒಪ್ಪುವುದಿಲ್ಲ. ಕೈಯಿಂದ ಕಾಸು ಬಿಚ್ಚಿದರೇ ಬಟ್ಟೆಗೆ ಮರ್ಯಾದೆ, ಬಿಟ್ಟಿ ಬಂದದ್ದನ್ನು ಮಕ್ಕಳು ನೆಲ ಒರೆಸಲು ಹಾಕುತ್ತಾರೆ ಎನ್ನುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆ ತಾಯಿ ಹೇಳಿದ್ದೂ ಒಂದು ರೀತಿಯಲ್ಲಿ ಅದನ್ನೇ. ಆದರೆ ಮಗು ಏನಾದರೂ ಕೊಡಬೇಕು ಎನ್ನುವುದಕ್ಕೂ, ಅಪ್ಪ ಅಮ್ಮ 1400 ರೂಪಾಯಿ ಕೊಡಬೇಕು ಎನ್ನುವುದಕ್ಕೂ ವ್ಯತ್ಯಾಸವಿದೆ. ಸಮವಸ್ತ್ರ ಬೇಕಾಗಿರುವುದು ಸಾಲಿಗೆ. ಸಾಲು ಚೆಂದ ಕಾಣಲಿ ಎಂದು ನಾವು ಕೇಳುತ್ತಿದ್ದೇವೆ, ಮಗು ಕೇಳುತ್ತಿಲ್ಲ. ಹಾಗಿದ್ದ ಮೇಲೆ ಅದು ಮಗು ಕಂಪನಿಗೆ ತೀರಿಸಬೇಕಾದ ಸಾಲವಲ್ಲ, ಕಂಪನಿ ಮಗುವಿಗೆ ತೀರಿಸಬೇಕಾದ ಸಾಲ ಎಂದೇ ನನ್ನ ನಿಲುವು.

ಗೈಡ್ಸಿನಲ್ಲಿ ಖರಿ ಕಮಾಯಿ ಎಂಬ ಪದ್ಧತಿ ಇದೆ. ಮಕ್ಕಳು ಊರಿನವರಿಗೆ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು, ಅವರು ಕೊಟ್ಟ ಹಣವನ್ನು ಕಂಪನಿಗೆ ತರುತ್ತಾರೆ. ಎರಡು ವರ್ಷದ ಆ ಹಣಕ್ಕೆ ನಾವು ಕೆಲವರು ಶಿಕ್ಷಕಿಯರು ಸ್ವಲ್ಪ ಸೇರಿಸಿ ಇಡೀ ಥಾನು ತಂದೆವು. ಊರಿನಲ್ಲೇ ಹೊಲಿಯುವ ಒಬ್ಬಾಕೆ ಒಳಗೆ ಬಟ್ಟೆ ಬಿಟ್ಟು, ಮಡಿಕೆ ಇಟ್ಟು ಹೊಲಿದುಕೊಟ್ಟಳು. ಬೆಲ್ಟು ಸ್ಕಾರ್ಫು ಎಲ್ಲ ಸೇರಿ ಒಂದು ಜೊತೆ 850 ರೂಪಾಯಿಗೆ ಮುಗಿಯಿತು. ಬಟ್ಟೆಯೆಲ್ಲ ಕಂಪನಿಯದು, ಒಂದು ತಗಡಿನ ಪೆಟ್ಟಿಗೆಯಲ್ಲಿರುತ್ತದೆ. ಅಳತೆ ನೋಡಿ ಎಲ್ಲರೂ ಅದರಿಂದಲೇ ತೆಗೆದುಕೊಳ್ಳಬೇಕು, ಬಡವರು ಮಾತ್ರ ಅಲ್ಲ. ಶಾಲೆ ಬಿಡುವಾಗ ಒಗೆದು, ಕಿತ್ತ ಗುಂಡಿ ಹಾಕಿ, ಮಡಿಚಿ ಕೊಡಬೇಕು. ಆ ತಾಯಿಯನ್ನು ಕರೆದು ಪೆಟ್ಟಿಗೆ ತೋರಿಸಿದೆ. "ಎಲ್ಲರಿಗೂ ಇದ್ರಾಗೇ ಏನು?" ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಹುಡುಗಿ ಕಂಪನಿಯಲ್ಲಿ ಉಳಿದಳು.

ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ. ಒಬ್ಬ ತಂದೆ, ಅನುಕೂಲವಂತರು, ಒಳ್ಳೆಯವರೇ, ಮಗಳಿಗೆ ಮೈಸೂರಿನಲ್ಲಿ ಹೊಸ ಬಟ್ಟೆ ಹೊಲಿಸಿ ತಂದಿದ್ದಾರೆ. "ಬೇರೆಯವರು ತೊಟ್ಟದ್ದನ್ನು ನನ್ನ ಮಗಳು ಯಾಕೆ ತೊಡಬೇಕು ಮೇಡಂ? ನಾನು ಯಾರಿಗೂ ಬೇಡ ಅನ್ನಲಿಲ್ಲವಲ್ಲ" ಎಂದರು. ಅವರ ದುಡ್ಡು, ಅವರ ಮಗಳು. ಯಾವ ಸುತ್ತೋಲೆಯೂ ಅವರನ್ನು ತಡೆಯುವುದಿಲ್ಲ. ಆದರೆ ಒಂದು ಹೊಸ ಜೊತೆ ಸಾಲಿಗೆ ಬಂದ ದಿನವೇ ಪೆಟ್ಟಿಗೆಯ ಬಟ್ಟೆ ಬಿಟ್ಟಿ ಬಟ್ಟೆಯಾಗುತ್ತದೆ. ಆ ತಾಯಿ ಮತ್ತೆ ನನ್ನ ಬಾಗಿಲಿಗೆ ಬರುತ್ತಾಳೆ. "ನೀವು ತಂದದ್ದನ್ನೂ ಪೆಟ್ಟಿಗೆಗೆ ಕೊಡಿ ಸಾರ್, ಅಳತೆ ಆದವರು ತೊಡಲಿ" ಎಂದೆ. ಹೊಸ ಬಟ್ಟೆಯನ್ನೇ, ಎಂದು ನನ್ನ ಮುಖ ನೋಡಿದರು. ಹೌದು ಎಂದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೋಗಿದ್ದಾರೆ, ಇನ್ನೂ ಬಂದಿಲ್ಲ. ಹುಡುಗಿ ಬುಧವಾರದ ಕವಾಯತಿಗೆ ಸದ್ಯ ಶಾಲೆಯ ಬಟ್ಟೆಯಲ್ಲೇ ಬರುತ್ತಿದ್ದಾಳೆ, ಕೊರಳಿಗೆ ಸ್ಕಾರ್ಫು ಮಾತ್ರ ಕಟ್ಟಿಕೊಂಡು.