ಪಾಲು ಕೇಳದ ಪಾಲುದಾರರು

ದಾರಿಹೋಕರನ್ನು ಸುಲಿದು ಹೆಂಡಿರು ಮಕ್ಕಳನ್ನು ಸಾಕುತ್ತಿದ್ದವನೊಬ್ಬನನ್ನು ನಾರದರು ತಡೆದು, ‘ನಿನ್ನ ಗಳಿಕೆಯಲ್ಲಿ ಪಾಲು ಪಡೆಯುವವರು ನಿನ್ನ ಪಾಪದಲ್ಲಿಯೂ ಪಾಲು ಪಡೆಯುವರೇನು?’ ಎಂದು ಕೇಳಿದ ಕಥೆಯನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳಿದ್ದೇವೆ. ಮನೆಯವರು ಒಪ್ಪಲಿಲ್ಲ. ಅವರು ಒಪ್ಪದಿದ್ದುದರಿಂದಲೇ ಅವನ ಕಣ್ಣು ತೆರೆಯಿತು. ಮಾಡಿದ್ದು ಮಾಡಿದವನಿಗೇ ಅಂಟುವುದು, ಅದನ್ನು ಮತ್ತೊಬ್ಬರ ಹೆಗಲಿಗೆ ದಾಟಿಸಲಾಗದು ಎಂಬುದು ಆ ಕಥೆಯ ಸಾರ.

ಆದರೆ ಈ ನಿಯಮವನ್ನು ತಲೆಕೆಳಗು ಮಾಡುವ ವಸ್ತುವೊಂದು ನಮ್ಮ ಕಾಲದಲ್ಲಿದೆ. ಅದು ಹೊಗೆ. ಅದನ್ನು ಮಾಡುವವನೊಬ್ಬ, ಉಣ್ಣುವವನು ಇನ್ನೊಬ್ಬ. ಒಪ್ಪಿಗೆ ಕೇಳುವ ಗೋಜೂ ಇಲ್ಲ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಸ್ವಾರಗೇಟದ ಪರಿಚಯ ಹೇಳಬೇಕಾಗಿಲ್ಲ. ಸಾತಾರಾ, ಕೊಲ್ಹಾಪುರಗಳ ಮೇಲೆ ಹಾಯ್ದು ಬೆಳಗಾವಿ, ಹುಬ್ಬಳ್ಳಿಗಳತ್ತ ಹೊರಡುವ ನಮಗೆ ಅದು ಊರ ಕಡೆಗೆ ತೆರೆದ ಬಾಗಿಲು. ರಾಜ್ಯ ಸಾರಿಗೆಯ ಬಸ್ಸುಗಳು, ನಗರದ ಬಸ್ಸುಗಳು, ರಿಕ್ಷಾಗಳು, ಲೆಕ್ಕವಿಲ್ಲದಷ್ಟು ಸ್ಕೂಟರುಗಳು ಅಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡೇ ಸಾಗುತ್ತವೆ. ನಾವು ಅಲ್ಲಿ ನಿಲ್ಲುವುದು ಕಾಲು ಗಂಟೆಯೋ ಅರ್ಧ ಗಂಟೆಯೋ. ಮೂಗಿಗೆ ಕರವಸ್ತ್ರ ಹಿಡಿದು ಬಸ್ಸು ಹತ್ತಿ ಹೋಗಿಬಿಡುತ್ತೇವೆ. ಆದರೆ ಚೌಕದಲ್ಲಿ ನಿಂತ ಪೋಲೀಸನು, ಚಹದ ಗಾಡಿಯವನು, ಹಮಾಲನು, ಹೂ ಮಾರುವವಳು, ಕಸ ಗುಡಿಸುವವಳು, ಇವರು ಎಲ್ಲಿಗೂ ಹೋಗುವುದಿಲ್ಲ; ನಾವು ಬಿಟ್ಟುಹೋದದ್ದನ್ನು ಉಸಿರಾಡುತ್ತ ಅಲ್ಲಿಯೇ ಇರುತ್ತಾರೆ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂದು ನಮ್ಮ ಕಡೆ ಗಾದೆಯುಂಟು. ಇಲ್ಲಿ ಜಾತ್ರೆ ನಮ್ಮದು, ದುಡ್ಡು ಅವರದು.

ಹೊಗೆಯೆಂದರೆ ನಮ್ಮ ಕಣ್ಣಿಗೆ ಬೀಳುವುದು ಅದರ ಕಪ್ಪು ಬಣ್ಣ. ವಿಜ್ಞಾನಿಗಳಿಗೆ ಚಿಂತೆ ಹೆಚ್ಚಾಗಿರುವುದು ಕಣ್ಣಿಗೆ ಬೀಳದಿರುವುದರ ಬಗ್ಗೆ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಘನಕಣ, ದ್ರವಕಣಗಳಿಗೆ ಅವರು ‘ಏರೋಸಾಲ್’ ಎನ್ನುತ್ತಾರೆ. ರಸ್ತೆಯ ಧೂಳು, ಸಮುದ್ರದ ಉಪ್ಪು, ಒಲೆಯ ಮಸಿ, ಡೀಸೆಲ್ಲಿನ ಇಂಗಾಲ ಎಲ್ಲವೂ ಈ ಕುಲಕ್ಕೆ ಸೇರಿದವು. ಇವುಗಳಲ್ಲಿ 2.5 ಮೈಕ್ರೋಮೀಟರಿಗಿಂತ ಚಿಕ್ಕವು, ಎಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಸಣ್ಣವು, ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಚಳಿಗಾಲದ ಮುಂಜಾನೆ ನೆಲದ ಬಳಿಯ ಗಾಳಿ ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿರುವಾಗ, ಗಡಿಗೆಗೆ ಮುಚ್ಚಳ ಹಾಕಿದಂತಾಗಿ ಈ ಕಣಗಳು ಗುಡ್ಡಗಳ ನಡುವಣ ಪುಣೆಯಲ್ಲಿಯೇ ಉಳಿದುಬಿಡುತ್ತವೆ.

ಈ ಶಾಸ್ತ್ರಕ್ಕೆ ಪುಣೆ ಒಂದು ತವರುಮನೆಯೇ ಸರಿ. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಿತು. 1962ರಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ ಸ್ಥಾಪನೆಯಾಗಿ, 1971ರಲ್ಲಿ ಸ್ವಾಯತ್ತವಾಯಿತು. ಈಗ ಪಾಷಾಣದಲ್ಲಿರುವ ಆ ಸಂಸ್ಥೆ ಮೊದಲು ವಿದ್ಯಾಪೀಠ ರಸ್ತೆಯ ‘ರಾಮದುರ್ಗ ಹೌಸ್’ನಲ್ಲಿತ್ತು. ಆ ಹೆಸರು ಕೇಳಿದರೆ ಬೆಳಗಾವಿ ಜಿಲ್ಲೆಯವರ ಕಿವಿ ನೆಟ್ಟಗಾಗದಿರದು. ಇದೇ ಸಂಸ್ಥೆಯ ವಿಜ್ಞಾನಿ ಡಾ. ಗುಫ್ರಾನ್ ಬೇಗ್ ಅವರ ನೇತೃತ್ವದಲ್ಲಿ ವಾಯುವಿನ ಗುಣಮಟ್ಟವನ್ನು ಅಳೆದು ಮುನ್ಸೂಚನೆ ಕೊಡುವ ‘ಸಫರ್’ ವ್ಯವಸ್ಥೆ ರೂಪುಗೊಂಡಿತು. 2010ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ ನಿಮಿತ್ತ ದಿಲ್ಲಿಯಲ್ಲಿ ಆರಂಭವಾದ ಅದು 2013ರಲ್ಲಿ ಪುಣೆಗೆ ಬಂದಿತು. ಮಳೆಯ ಮುನ್ಸೂಚನೆಯಂತೆ ನಾಳೆಯ ಗಾಳಿ ಹೇಗಿರುವುದೆಂಬುದನ್ನೂ ತಿಳಿಯುವುದು ಆಗ ಸಾಧ್ಯವಾಯಿತು.

ಇನ್ನು ಒಂದು ಚಿಕ್ಕ ಲೆಕ್ಕ. ಒಬ್ಬ ಮನುಷ್ಯನು ದಿನವೊಂದಕ್ಕೆ ಸುಮಾರು ಹತ್ತು ಘನ ಮೀಟರ್ ಗಾಳಿಯನ್ನು ಉಸಿರಾಡುತ್ತಾನೆ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಈ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಮನ್ನು ಮೀರಬಾರದು. ಅಷ್ಟೇ ಇದ್ದರೂ ವರ್ಷಕ್ಕೆ ಒಳಗೆ ಹೋಗುವುದು ಸುಮಾರು 146 ಮಿಲಿಗ್ರಾಂ, ಎಂದರೆ ಏಳು ಅಕ್ಕಿಕಾಳಿನ ತೂಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 5 ಮೈಕ್ರೋಗ್ರಾಂ; ಅದು ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಕಾಳು. ಒಂದು ಕಾಳಿಗೂ ಏಳು ಕಾಳಿಗೂ ನಡುವೆ ಎಷ್ಟೋ ಜನರ ಆಯುಷ್ಯ ಅಡಗಿದೆ. ‘ನನ್ನ ಒಂದು ಗಾಡಿಯ ಹೊಗೆ ಎಷ್ಟರದು?’ ಎನ್ನುವವರು ಈ ಅಕ್ಕಿಕಾಳನ್ನು ನೆನೆಯಬೇಕು. ಮನೆಯ ತಕ್ಕಡಿಗೆ ಸಿಗದ್ದು ದೇಹಕ್ಕೆ ಸಿಗುತ್ತದೆ.

ಇಲ್ಲಿಯೇ ಧರ್ಮಸೂಕ್ಷ್ಮ ಎದುರಾಗುವುದು. ಕಳವಾದರೆ ಕಳ್ಳನಿರುತ್ತಾನೆ. ಮಲಿನವಾದ ಗಾಳಿಗೆ ಹಾಗೆ ಒಬ್ಬ ಅಪರಾಧಿಯಿಲ್ಲ. ಕಣಗಳನ್ನು ಹಿಡಿದು ಪರೀಕ್ಷಿಸಿ, ಇಷ್ಟು ಮಣ್ಣಿನದು, ಇಷ್ಟು ಕಟ್ಟಿಗೆಯ ಹೊಗೆಯದು, ಇಷ್ಟು ವಾಹನದ್ದು ಎಂದು ವಿಜ್ಞಾನಿಗಳು ಪಾಲು ಮಾಡಿ ಹೇಳಬಲ್ಲರು. ಆದರೆ ಇದು ಇಂಥವನ ಗಾಡಿಯದು ಎಂದು ಹೇಳಲಾರರು. ಅದೂ ಅಲ್ಲದೆ ಕೆಲವು ಕಣಗಳು ಹೊಗೆಯ ಕೊಳವೆಯಿಂದ ಕಣಗಳಾಗಿ ಹೊರಬರುವುದೇ ಇಲ್ಲ. ಗಂಧಕದ, ಸಾರಜನಕದ ಅನಿಲಗಳು ಆಕಾಶದಲ್ಲಿ ಕೂಡಿ ಆಮೇಲೆ ಕಣಗಳಾಗುತ್ತವೆ. ಅವು ಯಾರ ಸಂತಾನ? 1981ರಲ್ಲಿ ವಾಯುಮಾಲಿನ್ಯದ ಕಾನೂನು ಬಂದಿತು. ಶುದ್ಧ ಗಾಳಿಯೂ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಸಾರಿತು. ಕಾರಖಾನೆಯನ್ನು, ಇಂಧನವನ್ನು, ವಾಹನದ ಎಂಜಿನನ್ನು ಕಾನೂನು ತಿದ್ದಬಲ್ಲದು, ತಿದ್ದಿಯೂ ಇದೆ. ಆದರೆ ನೂರು ಹೆಜ್ಜೆಯ ಅಂಗಡಿಗೆ ಗಾಡಿಯಲ್ಲಿ ಹೋಗುವುದನ್ನೂ, ಸಿಗ್ನಲ್ಲಿನಲ್ಲಿ ಎಂಜಿನ್ ನಡೆಯಗೊಡುವುದನ್ನೂ ಅದು ಕೇಳಲಾರದು. ಹೆಸರು ಹಚ್ಚಲಾಗದ ತಪ್ಪು ತಪ್ಪೇ ಅಲ್ಲವೆಂದರೆ, ಸಾಕ್ಷಿಯಿಲ್ಲದಲ್ಲಿ ಮಾಡಿದ್ದೆಲ್ಲ ಧರ್ಮವೆಂದಂತಾಯಿತು.

ಇದಕ್ಕೊಂದು ಜಾಣ ಆಕ್ಷೇಪವೂ ಉಂಟು. ಅನೇಕ ಏರೋಸಾಲ್‌ಗಳು ಸೂರ್ಯನ ಬೆಳಕನ್ನು ಹಿಂದಕ್ಕೆ ಕಳಿಸಿ ಭೂಮಿಯನ್ನು ತುಸು ತಂಪಾಗಿಡುತ್ತವೆ. 1991ರಲ್ಲಿ ಫಿಲಿಪೈನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿದಿತ್ತು. ಹಾಗಾದರೆ ಈ ಕಣಗಳು ನಮ್ಮ ಕೊಡೆಯಲ್ಲವೇ? ನಿಜ, ಆದರೆ ಕೊಡೆಯ ಬಾಡಿಗೆ ಯಾರು ತೆರುತ್ತಾರೆ ಎಂಬುದನ್ನು ಕೇಳಬೇಕು. ಸ್ವಾರಗೇಟದ ಹಮಾಲನ ಶ್ವಾಸಕೋಶದಿಂದ ಬಾಡಿಗೆ ಕೊಟ್ಟು ಪಡೆದ ನೆರಳನ್ನು ನೆರಳೆಂದು ಕರೆಯಲಾಗದು. ಕಾವನ್ನು ಇಳಿಸುವ ದಾರಿ ಇಂಗಾಲಾಮ್ಲವನ್ನು ಕಡಿಮೆ ಮಾಡುವುದು. ಒಂದು ಅನ್ಯಾಯವನ್ನು ಇನ್ನೊಂದರಿಂದ ಮುಚ್ಚಿಟ್ಟರೆ ಎರಡೂ ಉಳಿಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಮಾತು. ಇಂಗಾಲಾಮ್ಲ ಶತಮಾನಗಳ ಕಾಲ ಆಕಾಶದಲ್ಲಿ ಉಳಿಯುತ್ತದೆ. ಆದರೆ ನಮ್ಮ ಮಟ್ಟದ ಗಾಳಿಯ ಈ ಕಣಗಳು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರಗಳಲ್ಲಿ ಕೆಳಗಿಳಿಯುತ್ತವೆ ಇಲ್ಲವೇ ಮಳೆಗೆ ತೊಳೆದುಹೋಗುತ್ತವೆ. ಇಷ್ಟು ಬೇಗ ಫಲ ಕೊಡುವ ಪ್ರಾಯಶ್ಚಿತ್ತ ಬೇರೆ ಇರಲಾರದು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದ ಕೆಲವೇ ದಿನಗಳಲ್ಲಿ ನಗರಗಳ ಆಕಾಶ ತಿಳಿಯಾದುದನ್ನು ನಾವೆಲ್ಲರೂ ಕಂಡೆವು. ಆದರೆ ಅಂದಿನ ಆ ತಿಳಿಗಾಳಿಯ ಬೆಲೆಯನ್ನು ತೆತ್ತವರು ಕೂಲಿ ಕಳೆದುಕೊಂಡು ಊರಿಗೆ ನಡೆದು ಹೋದವರು. ಹೊಗೆ ಇದ್ದಾಗಲೂ ಅವರಿಗೇ ಕಷ್ಟ, ಹೋದಾಗಲೂ ಅವರಿಗೇ ಕಷ್ಟ ಎಂದಾಗಬಾರದು. ಗಾಳಿ ಎಷ್ಟು ಶುದ್ಧವಾಯಿತು ಎಂಬುದರ ಜೊತೆಗೆ ಯಾರ ಖರ್ಚಿನಲ್ಲಿ ಎಂಬುದನ್ನೂ ಕೇಳುವುದು ನ್ಯಾಯ.

ಆದುದರಿಂದ ನಮ್ಮ ಪಾಲು ಎಷ್ಟು ಚಿಕ್ಕದು ಎಂದು ಅಳೆಯುವುದಕ್ಕಿಂತ, ಅದು ಯಾರ ಮೇಲೆ ಬೀಳುತ್ತದೆ ಎಂದು ನೋಡುವುದು ಯೋಗ್ಯ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಪುಣೆ ನೀರು ಕೊಟ್ಟಿದೆ, ನೆರಳು ಕೊಟ್ಟಿದೆ. ಆ ಋಣದಲ್ಲಿ ಗಾಳಿಯೂ ಸೇರಿದೆ. 2024ರ ಸೆಪ್ಟೆಂಬರಿನಿಂದ ಸ್ವಾರಗೇಟದವರೆಗೆ ನೆಲದಡಿಯ ಮೆಟ್ರೋ ಓಡುತ್ತಿದೆ. ಸಂಘದ ಕಾರ್ಯಕ್ರಮಗಳಿಗೆ ಬರುವಾಗ ಕಾಲು ಗಟ್ಟಿಯಿದ್ದವರು ಅದರಲ್ಲಿಯೋ ಬಸ್ಸಿನಲ್ಲಿಯೋ ಬರಲಿ. ವಯಸ್ಸಾದವರನ್ನು ನಾಲ್ಕು ಜನ ಕೂಡಿ ಒಂದೇ ಗಾಡಿಯಲ್ಲಿ ಕರೆತರಲಿ. ಅದರಿಂದ ಸಫರ್‌ದ ಅಂಕಿ ಬದಲಾಗಲಿಕ್ಕಿಲ್ಲ. ಆದರೂ ಚೌಕದಲ್ಲಿ ನಿಂತವರಿಗೆ ನಾವು ಹಂಚುವ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುವುದು.