ನೀವೇ ನಿಲ್ಲಿರಿ ಎಂದಾಗ



ನಿಮ್ಮ ಓಣಿಯಲ್ಲಿ ನಳದ ನೀರು ನಿಂತರೆ ಜನ ಮೊದಲು ನಿಮ್ಮ ಮನೆಯ ಬಾಗಿಲನ್ನೇ ತಟ್ಟುತ್ತಾರೆ ಎಂದಿಟ್ಟುಕೊಳ್ಳೋಣ. ವಿಧವಾ ವೇತನಕ್ಕೆ ಅರ್ಜಿ ಬರೆದುಕೊಡುವವರು ನೀವು. ಗಟಾರ ಕಟ್ಟಿಕೊಂಡರೆ ಮುಖ್ಯಾಧಿಕಾರಿಗಳ ಕಚೇರಿಗೆ ನಾಲ್ಕು ಸಲ ಅಲೆಯುವವರೂ ನೀವೇ. ಚುನಾವಣೆ ಹತ್ತಿರ ಬಂದಾಗ ಒಂದು ಸಂಜೆ ನೆರೆಯವರು ನಾಲ್ಕು ಜನ ಬಂದು, "ಅಕ್ಕಾರ, ಈ ಸಲ ನಮ್ಮ ವಾರ್ಡಿಗೆ ನೀವ ನಿಲ್ರಿ" ಎನ್ನುತ್ತಾರೆ. ನೀವು ಏನು ಉತ್ತರ ಕೊಡುತ್ತೀರಿ?

"ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕನಕಾಚಲಪತಿ ದೇವಾಲಯದ ಶಿಲ್ಪಗಳನ್ನು ನೋಡಲು ಒಂದು ಬಗೆಯ ಕಣ್ಣು ಬೇಕು. ಅದೇ ಊರಿನ ಒಡೆದ ಪೈಪು, ದೀಪವಿಲ್ಲದ ಕಂಬ, ಮಳೆಗಾಲದಲ್ಲಿ ಮನೆಯೊಳಗೆ ನುಗ್ಗುವ ಕೊಳಚೆ ನೀರನ್ನು ನೋಡಲು ಇನ್ನೊಂದು ಬಗೆಯ ಕಣ್ಣು ಬೇಕು. ಕನಕಗಿರಿ ಈಗ ಪಟ್ಟಣ ಪಂಚಾಯಿತಿ. 2021ರ ಡಿಸೆಂಬರಿನಲ್ಲಿ ರಾಜ್ಯದ ಹಲವು ಪಟ್ಟಣಗಳ ಜೊತೆಗೆ ಇಲ್ಲಿಯೂ ಮತದಾನ ನಡೆಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಇಂಥ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಕುಡಿಯುವ ನೀರು, ನೈರ್ಮಲ್ಯ, ಬೀದಿ ದೀಪ, ಕೊಳೆಗೇರಿಗಳ ಸುಧಾರಣೆ, ಜನನ ಮರಣಗಳ ನೋಂದಣಿ, ಸ್ಮಶಾನ ಎಲ್ಲವೂ ಅದರಲ್ಲಿವೆ. ಹುಟ್ಟಿನಿಂದ ಮಣ್ಣಿಗೆ ಸೇರುವವರೆಗೆ ಮನುಷ್ಯನಿಗೆ ಬೇಕಾದ ಸಣ್ಣಪುಟ್ಟ ಸಂಗತಿಗಳ ಪಟ್ಟಿ ಇದು.

"ರಾಜಕೀಯ ಹೊಲಸು. ನಾನು ಹೊರಗಿದ್ದೇ ಸೇವೆ ಮಾಡುತ್ತೇನೆ" ಎಂಬುದು ನಮ್ಮಲ್ಲಿ ಹೆಚ್ಚಿನವರ ಉತ್ತರ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತಾಗ ಸಾವಿರಾರು ಜನ ಸೇರಿ ಹಿರೇಹಳ್ಳವನ್ನು ಸ್ವಚ್ಛ ಮಾಡಿದರು. ಅದಕ್ಕೆ ಯಾರೂ ಓಟು ಹಾಕಬೇಕಾಗಿರಲಿಲ್ಲ. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳದ ಜನ ಪಟ್ಟಣವನ್ನೇ ಬಂದ್ ಮಾಡಿ ಬೀದಿಗಿಳಿದರು. ಕೆಲವು ಕೆಲಸಗಳು ಬೀದಿಯಲ್ಲಿ ನಿಂತೇ ಆಗಬೇಕು.

ಆದರೆ ಬೀದಿಯಲ್ಲಿ ನಿಂತು ಆಗದ ಕೆಲಸಗಳೂ ಇವೆ. 2023ರ ಬೇಸಿಗೆಯ ಕೊನೆಯಲ್ಲಿ ಕನಕಗಿರಿ ತಾಲ್ಲೂಕಿನ ಬಸರಿಹಾಳ, ಕುಷ್ಟಗಿ ತಾಲ್ಲೂಕಿನ ಬಿಜಕಲ್ ಗ್ರಾಮಗಳಲ್ಲಿ ಜನ ವಾಂತಿಭೇದಿಗೆ ತುತ್ತಾದರು. ಕಲುಷಿತ ನೀರೇ ಕಾರಣವೆಂಬ ದೂರಿನ ನಡುವೆ ಸಾವುಗಳೂ ವರದಿಯಾದವು. ಕುಡಿಯುವ ನೀರಿನ ಪೈಪು ಗಟಾರದೊಳಗೆ ಹಾದುಹೋಗುತ್ತಿದ್ದರೆ ಅದನ್ನು ಎತ್ತಿ ಬೇರೆ ಕಡೆ ಹಾಕಲು ಹಣ ಮಂಜೂರಾಗಬೇಕು. ಅದು ಸಭೆಯಲ್ಲಿ ಚರ್ಚೆಯಾಗಬೇಕು, ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಹೊರಗಿನವರು ಮನವಿ ಕೊಡಬಹುದು, ಕೈ ಎತ್ತುವವರು ಒಳಗೆ ಕುಳಿತವರು. ಒಳ್ಳೆಯವರೆಲ್ಲ ಮನವಿ ಕೊಡುವವರೇ ಆಗಿ ಉಳಿದರೆ, ಕೈ ಎತ್ತುವವರು ಯಾರು?

ಬೈಬಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋತಾಮನು ಹೇಳುವ ಒಂದು ಕಥೆಯಿದೆ. ಮರಗಳು ತಮಗೊಬ್ಬ ಅರಸ ಬೇಕೆಂದು ಓಲಿವ್ ಮರ, ಅಂಜೂರ, ದ್ರಾಕ್ಷಿಬಳ್ಳಿಗಳನ್ನು ಒಂದೊಂದಾಗಿ ಕೇಳಿಕೊಂಡವು. ಎಲ್ಲವೂ ಒಲ್ಲೆ ಎಂದವು. ಕೊನೆಗೆ ಮುಳ್ಳಿನ ಪೊದೆ ಒಪ್ಪಿಕೊಂಡಿತು, ಒಪ್ಪುವಾಗಲೇ ಬೆದರಿಕೆಯನ್ನೂ ಹಾಕಿತು. ನಮ್ಮ ಬಯಲುಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀಳು ಬಿಟ್ಟ ಹೊಲ ಎಷ್ಟು ಬೇಗ ಬಳ್ಳಾರಿ ಜಾಲಿಯ ಪಾಲಾಗುತ್ತದೆ ಎಂದು ನಾವು ಕಂಡವರೇ. ಆದರೂ ಓಲಿವ್ ಮರ ಕೇಳಿದ ಪ್ರಶ್ನೆಯಲ್ಲಿ ನ್ಯಾಯವಿದೆ. ನನ್ನ ಎಣ್ಣೆಯನ್ನು ಬಿಟ್ಟು ಬರಬೇಕೇ ಎಂದು ಅದು ಕೇಳಿತು. ಚುನಾವಣೆಗೆ ನಿಲ್ಲುವವರು ಕೇಳಿಕೊಳ್ಳಬೇಕಾದ್ದೂ ಅದನ್ನೇ: ಈ ಕುರ್ಚಿಯ ಮೇಲೆ ಕುಳಿತರೆ ನನ್ನಲ್ಲಿರುವ ಎಣ್ಣೆ ಬತ್ತುವುದೇ, ಇಲ್ಲವೇ ಇನ್ನಷ್ಟು ಜನರಿಗೆ ಹಂಚಿಕೆಯಾಗುವುದೇ?

ಇಲ್ಲಿ ನಿಜವಾದ ಮೂರು ತೊಡಕುಗಳಿವೆ.

ಮೊದಲನೆಯದು ಸೇವೆಯ ಲೆಕ್ಕದ್ದು. ಹತ್ತು ವರ್ಷ ಅರ್ಜಿ ಬರೆದುಕೊಟ್ಟ ಕೈ ಓಟಿಗಾಗಿ ಮುಗಿದ ದಿನ, ಹಿಂದೆ ಕೊಟ್ಟದ್ದೆಲ್ಲ ಮುಂಗಡ ಕೊಟ್ಟ ಹಣದಂತೆ ಕಾಣತೊಡಗುತ್ತದೆ. "ನಿನ್ನ ಮಗಳನ್ನು ಆಸ್ಪತ್ರೆಗೆ ಸೇರಿಸಿದವರು ಯಾರು, ಮರೆತೆಯಾ?" ಎಂದು ನೀವು ಕೇಳಬೇಕಾಗಿಲ್ಲ, ನಿಮ್ಮ ಪರವಾಗಿ ಪ್ರಚಾರಕ್ಕೆ ಹೋದವರು ಕೇಳಿದರೂ ಸಾಕು. ನಿಮ್ಮಿಂದ ಉಪಕಾರ ಪಡೆದವರು ನಿಮಗೆ ವಿರುದ್ಧವಾಗಿ ಓಟು ಹಾಕಲು ಪೂರ್ಣ ಸ್ವತಂತ್ರರು. ಈ ಮಾತನ್ನು ಮನಸ್ಸಿನಿಂದ ಒಪ್ಪಿಕೊಂಡ ಮೇಲೆಯೇ ನಾಮಪತ್ರ ಸಲ್ಲಿಸಿರಿ. ಸೋತ ಮರುದಿನ ಎದುರಾಳಿಯ ಬೆಂಬಲಿಗರೊಬ್ಬರು ಅರ್ಜಿ ಹಿಡಿದು ಬಂದರೆ ಮೊದಲಿನಂತೆಯೇ ಬರೆದುಕೊಡಬಲ್ಲಿರಾ? ಬರೆದುಕೊಡುವಿರಾದರೆ ನಿಮ್ಮದು ಸೇವೆ. ಇಲ್ಲವಾದರೆ ಅದು ವ್ಯಾಪಾರ.

ಎರಡನೆಯದು "ನಮ್ಮವರು" ಎಂಬುದರ ಅರ್ಥದ್ದು. ಓಣಿಯ ಪರ ಮಾತನಾಡುವಾಗ ನಿಮಗೆ ಒಂದೇ ಓಣಿ. ಸದಸ್ಯರಾದ ಮೇಲೆ ಊರಿಗೆಲ್ಲ ಸೇರಿದ ಒಂದೇ ಆಯವ್ಯಯಕ್ಕೆ ಕೈ ಎತ್ತಬೇಕು. ನಿಮ್ಮ ಓಣಿಗೆ ಸಿಮೆಂಟ್ ರಸ್ತೆ ಬೇಕು, ಊರಾಚೆಯ ಕಾಲೋನಿಗೆ ಕುಡಿಯುವ ನೀರೇ ಇಲ್ಲ, ಹಣ ಒಂದಕ್ಕೆ ಮಾತ್ರ ಇದೆ ಎಂದಾಗ ಏನು ಮಾಡುತ್ತೀರಿ? ನಿಮಗೆ ಓಟು ಹಾಕಿದವರು ರಸ್ತೆಯನ್ನೇ ಕೇಳುತ್ತಾರೆ. ಸಂಖ್ಯೆಯಲ್ಲಿ ಚಿಕ್ಕದಾದ ಸಮುದಾಯದಿಂದ ಬಂದವರಿಗೆ ಈ ಒತ್ತಡ ಇನ್ನೂ ಹೆಚ್ಚು. ನಮ್ಮ ಸ್ಮಶಾನಕ್ಕೆ ಕಾಂಪೌಂಡ್ ಬೇಕೆಂದು ಕೇಳುವುದು ತಪ್ಪಲ್ಲ. ಆದರೆ ಹೆಣ ಹೂಳಲು ಜಾಗವೇ ಇಲ್ಲದ ಇನ್ನೊಂದು ಕೇರಿಯ ವಿಷಯ ಬಂದಾಗ ಅದೇ ಧ್ವನಿಯಲ್ಲಿ ಮಾತನಾಡುವವರು ಮಾತ್ರ ಊರಿನ ಪ್ರತಿನಿಧಿಗಳು. ನೀರಿಗೆ ಮೊದಲ ಕೈ ಎತ್ತಿ, ಬಳಿಕ ಓಣಿಗೆ ಬಂದು ಏಕೆ ಎತ್ತಿದೆನೆಂದು ಮುಖ ಕೊಟ್ಟು ಹೇಳುವ ಧೈರ್ಯ ಬೇಕು.

ಮೂರನೆಯದು ಹಣದ್ದು, ಆದ್ದರಿಂದ ಮನೆಯದ್ದೂ ಹೌದು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ ಪುರಸಭೆಯ ಗುತ್ತಿಗೆಯಲ್ಲಿ ಸ್ವಂತ ಪಾಲಿರುವವರು ಅದರ ಸದಸ್ಯರಾಗಿರುವಂತಿಲ್ಲ. ಭಾವಮೈದುನನ ಹೆಸರಿನಲ್ಲಿ ಗುತ್ತಿಗೆ ಪಡೆದರೆ ಕಾನೂನಿನ ಕಣ್ಣು ತಪ್ಪಬಹುದು, ಆತ್ಮಸಾಕ್ಷಿಯ ಕಣ್ಣು ತಪ್ಪದು. ಸಾಲ ಮಾಡಿ ಚುನಾವಣೆಗೆ ನಿಂತವರಿಗೆ ಆ ಸಾಲ ಯಾರಿಂದ ತೀರಬೇಕೆಂಬ ಚಿಂತೆ ಗೆದ್ದ ಮರುದಿನವೇ ಶುರುವಾಗುತ್ತದೆ. ಆದ್ದರಿಂದ ಮೊದಲು ಮನೆಯವರೆಲ್ಲ ಕುಳಿತು ಮಾತನಾಡಿರಿ. ಎಷ್ಟು ಖರ್ಚು ಮಾಡುತ್ತೇವೆ, ಯಾವ ಹಣವನ್ನು ಮುಟ್ಟುವುದಿಲ್ಲ, ಯಾರಿಂದ ಪಡೆಯುವುದಿಲ್ಲ ಎಂದು ಬರೆದಿಡಿರಿ. ಮಕ್ಕಳೂ ಕೇಳಿಸಿಕೊಳ್ಳಲಿ. ಸಂವಿಧಾನವು ಈ ಸಂಸ್ಥೆಗಳಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿದೆ. ಹೆಂಡತಿಯ ಹೆಸರಿನಲ್ಲಿ ಗೆದ್ದು ಗಂಡನೇ ಅಧಿಕಾರ ನಡೆಸುವ ಮನೆಯಲ್ಲಿ ಎರಡು ಸುಳ್ಳುಗಳಿವೆ: ಒಂದು ಮತದಾರರಿಗೆ ಹೇಳಿದ್ದು, ಇನ್ನೊಂದು ಆ ತಾಯಿಗೆ ಹೇಳಿದ್ದು.

ಗೆಲುವೆಂದರೆ ಅಧಿಕಾರವೆಂದೂ ತಿಳಿಯಬೇಡಿರಿ. ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ವಿವಾದ ನ್ಯಾಯಾಲಯಕ್ಕೆ ಹೋದ ಕಾರಣ ಅನೇಕ ಕಡೆ 2020ರ ಕೊನೆಯವರೆಗೂ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಗೆದ್ದ ಸದಸ್ಯರು ಸುಮ್ಮನೆ ಕಾದರು, ಆಡಳಿತಾಧಿಕಾರಿಗಳು ಆಡಳಿತ ನಡೆಸಿದರು. ಆ ಎರಡು ವರ್ಷ ಕುರ್ಚಿಗಾಗಿ ಬಂದವರಿಗೆ ನಷ್ಟವೆನಿಸಿರಬೇಕು. ಓಣಿಗಾಗಿ ಬಂದವರಿಗೆ ಮಾತ್ರ ಮೊದಲಿನಂತೆ ಅರ್ಜಿ ಬರೆಯುವ, ಕಚೇರಿಗೆ ಅಲೆಯುವ ಕೆಲಸ ಇದ್ದೇ ಇತ್ತು.

ಎಲ್ಲರೂ ಚುನಾವಣೆಗೆ ನಿಲ್ಲಬೇಕಾಗಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ, ದುಡಿಯುವ ಕೈ ಒಂದೇ ಇದ್ದರೆ, ಬೇಡವೆನ್ನುವುದೇ ಸರಿಯಾದ ಉತ್ತರವಾಗಬಹುದು. ಆದರೆ ಆ ಉತ್ತರಕ್ಕೆ ಇಂಥ ಕಾರಣ ಇರಲಿ. ಕೈ ಹೊಲಸಾಗುತ್ತದೆ ಎಂಬ ಭಯವೊಂದೇ ಕಾರಣವಾಗದಿರಲಿ. ಗಟಾರ ತೆಗೆಯುವವರ ಕೈ ಹೊಲಸಾಗಿಯೇ ಊರು ಸ್ವಚ್ಛವಾಗುತ್ತದೆ.

"ನೀವ ನಿಲ್ರಿ" ಎಂದು ಹೇಳಲು ಹೋಗುವವರಿಗೂ ಒಂದು ಮಾತು. ಒಳ್ಳೆಯವರನ್ನು ನಿಲ್ಲಿಸಿ, ಮತದಾನದ ಹಿಂದಿನ ರಾತ್ರಿ ಬೇರೆಯವರ ನೋಟಿಗೆ ಕೈ ಚಾಚಿದರೆ ನೀವು ನಿಮ್ಮ ನೆರೆಯವರಿಗೆ ದ್ರೋಹ ಬಗೆದಂತೆ. ಅವರು ಗೆದ್ದ ಮೇಲೆ ನಿಮ್ಮ ಮನೆಯ ಮುಂದಿನ ರಸ್ತೆಗಿಂತ ಮೊದಲು ಕಾಲೋನಿಯ ನೀರಿಗೆ ಕೈ ಎತ್ತಿದರೆ ಸಿಟ್ಟಾಗಬೇಡಿರಿ. ಮುಂದಿನ ಸಭೆ ಎಂದು, ಯಾವ ವಿಷಯಕ್ಕೆ ಎಂದು ಕೇಳಿರಿ. ಸಂಜೆ ಅವರ ಬಾಗಿಲು ತಟ್ಟುವವರಲ್ಲಿ ಕೆಲವರಾದರೂ ಕೆಲಸ ಹೇಳಲು ಅಲ್ಲ, ಕೆಲಸಕ್ಕೆ ಕೈ ಜೋಡಿಸಲು ಹೋಗಿರಿ.