ಬಂಡೆ ಕಾಯ್ದ ಪಾರ್ಕು

ಬಸವನಗುಡಿಯ ಕಹಳೆ ಬಂಡೆ ಉದ್ಯಾನವನ್ನು ಉಳಿಸಿದವರು ಯಾರು ಎಂದು ಕೇಳಿದರೆ ನಾನು ಬಂಡೆಯ ಕಡೆಗೇ ಬೆರಳು ತೋರಿಸುತ್ತೇನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಜನ ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಗಾಳಿ ಬೆಳಕು ಇರುವ ಕಡೆ ಹೊರಟರು. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು ಹಾಗೆ. ರಸ್ತೆ, ಅಡ್ಡರಸ್ತೆ, ನಿವೇಶನ ಎಲ್ಲವನ್ನೂ ಅಳೆದು ಗೆರೆ ಎಳೆದರು. ಆ ಗೆರೆಗೆ ಬಗ್ಗದೆ ಕೂತದ್ದು ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಈ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯೂ ಇದೇ ವಂಶದ್ದು. ಹಾರೆ ಗುದ್ದಲಿಯ ಕಾಲದಲ್ಲಿ ಇದರ ಮೇಲೆ ಮನೆಗೆ ಪಾಯ ತೆಗೆಯುವ ಹುಮ್ಮಸ್ಸು ಯಾರಿಗೆ ಬಂದೀತು?

ಹಾಗೆಂದು ಗಟ್ಟಿತನವೊಂದೇ ಸಾಲುತ್ತಿರಲಿಲ್ಲ. ಬೆಂಗಳೂರಿನ ಸುತ್ತಲಿದ್ದ ಎಷ್ಟೋ ಬಂಡೆಗಳು ಚಪ್ಪಡಿಯಾಗಿ, ಕಂಬವಾಗಿ, ಜಲ್ಲಿಯಾಗಿ ಒಡೆದುಹೋಗಿವೆ. ಇಲ್ಲಿ ಒಂದು ಕಡೆ ಏಕಶಿಲೆಯ ಬಸವಣ್ಣ, ಇನ್ನೊಂದು ಕಡೆ ದೊಡ್ಡ ಗಣಪತಿ. ಕಲ್ಲುಕುಟಿಗನ ಸುತ್ತಿಗೆ ಇಬ್ಬರನ್ನೂ ದಾಟಿ ಬರಬೇಕಿತ್ತು!

ಹೆಸರಿಗೊಂದು ಕಥೆಯುಂಟು. ಕೆಂಪೇಗೌಡರ ಕಾಲದಲ್ಲಿ ಬಂಡೆಯ ಮೇಲೆ ಕಾವಲು ಗೋಪುರವಿತ್ತು, ಸಂಜೆ ಕಾವಲುಗಾರ ಪಂಜು ಹೊತ್ತಿಸಿ ಕಹಳೆ ಊದುತ್ತಿದ್ದ, ಊರು ಕ್ಷೇಮ ಎಂದು ಜನ ತಿಳಿಯುತ್ತಿದ್ದರು ಎನ್ನುತ್ತಾರೆ. ಕಥೆ ಎಷ್ಟು ನಿಜವೋ, ಕಾವಲಿಗೆ ತಕ್ಕ ಎತ್ತರವಂತೂ ಹೌದು. ಮುಂದೆ ನೀರಿನ ಟ್ಯಾಂಕು ಕಟ್ಟಿದವರೂ ಇದೇ ಎತ್ತರವನ್ನು ಹುಡುಕಿಕೊಂಡು ಬಂದರು. ಕಡೇ ಕಾರ್ತಿಕ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದೂ ಇದರ ಬುಡದಲ್ಲೇ. ಬೆಳೆ ಮೇಯುತ್ತಿದ್ದ ಬಸವನಿಗೆ ರೈತರು ಹರಕೆ ಹೊತ್ತ ಕಥೆ ಎಲ್ಲರಿಗೂ ಗೊತ್ತು. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ ಎಂಬುದನ್ನು ಆ ದಿನ ಯಾರೂ ಜ್ಞಾಪಿಸುವುದಿಲ್ಲ, ಜ್ಞಾಪಿಸಲೂ ಬಾರದು.

ಉದ್ಯಾನದಲ್ಲಿ ಡಿ.ವಿ.ಜಿ.ಯವರ ಪ್ರತಿಮೆ ಇದೆ. ಅವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಇದೇ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಸಾರ್ವಜನಿಕ ಬದುಕಿನ ಬಗ್ಗೆ ಜೀವಮಾನವಿಡೀ ತಲೆ ಕೆಡಿಸಿಕೊಂಡವರಿಗೆ ಸಾರ್ವಜನಿಕರು ಕಾಲು ಚಾಚಿ ಕೂರುವ ಜಾಗ ಸಿಕ್ಕಿತಲ್ಲ, ಅದು ಸರಿಯಾಯಿತು.

ನನಗೆ ಇಲ್ಲಿ ಹಿಡಿಸುವುದು ಬೋಳು ಕಲ್ಲು. ಅದಕ್ಕೆ ಯಾರೂ ಬೆಂಚು ಹಾಕಿಲ್ಲ, ಬೇಕಾಗಿಯೂ ಇಲ್ಲ. ಹುಡುಗರು ಹತ್ತುತ್ತಾರೆ, ಜಾರುತ್ತಾರೆ. ಅಜ್ಜಂದಿರು ಸೊಂಟ ನೋಡಿಕೊಂಡು ತಗ್ಗಿನಲ್ಲೇ ಜಾಗ ಹಿಡಿಯುತ್ತಾರೆ. ಪಕ್ಕದ ಇಂಜಿನಿಯರಿಂಗ್ ಕಾಲೇಜಿನವರು ಓದುವ ನೆಪದಲ್ಲಿ ಬರುತ್ತಾರೆ. ಇಂಥ ಜಾಗಕ್ಕೆ ದೊಡ್ಡ ಅಪಾಯವೆಂದರೆ ಅಭಿವೃದ್ಧಿ. ಮಾರ್ಚ್ ಮುಗಿಯುವ ಮೊದಲು ಖರ್ಚಾಗಬೇಕಾದ ಹಣ ಪಾರ್ಕುಗಳಿಗೆ ಟೈಲ್ಸ್ ಆಗಿ, ಕಾರಂಜಿಯಾಗಿ, ಬಣ್ಣದ ದೀಪವಾಗಿ, ಸಿಮೆಂಟಿನ ಜಿಂಕೆಯಾಗಿ ಬರುತ್ತದೆ. ಮರದ ಬುಡಕ್ಕೂ ಕಾಂಕ್ರೀಟು ಸುರಿದು ಅದನ್ನು ಕಟ್ಟೆ ಎನ್ನುತ್ತಾರೆ. ಮಳೆನೀರು ಇಂಗಲು ಮಣ್ಣು ಬೇಕಲ್ಲ ಎಂದರೆ ಇನ್ನೊಂದು ಟೆಂಡರ್.

ಬಂಡೆ ಇಲ್ಲದ ಕಡೆ ಕಾವಲು ಕಷ್ಟದ್ದೇ. ಸದಾಶಿವನಗರದ ಬಳಿ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ನಕ್ಷೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದ ಕೇಳಲು ಚೆನ್ನಾಗಿತ್ತು. 1991ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪಾರ್ಕಿನ ಜಾಗ ಪಾರ್ಕಿಗೇ ಉಳಿಯಿತು. ಇವತ್ತಿಗೂ ದೇಶದ ಯಾವ ಊರಲ್ಲಿ ಪಾರ್ಕಿನ ಜಗಳವೆದ್ದರೂ ವಕೀಲರು ಆ ತೀರ್ಪನ್ನು ಹುಡುಕಿ ತೆಗೆಯುತ್ತಾರೆ. ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ. ಕಾಯ್ದೆ ತಾನಾಗಿ ಎದ್ದು ಬರುವುದಿಲ್ಲ, ಅದನ್ನು ಎಬ್ಬಿಸಲು ಬೀದಿಯವರೇ ಹೋಗಬೇಕು.

ಉಳಿದ ಪಾರ್ಕಿಗೂ ಬೀಗ ಬೀಳುತ್ತದೆ, ಅದು ಇನ್ನೊಂದು ಕಥೆ. ಬೆಂಗಳೂರಿನ ಪಾರ್ಕುಗಳು ಬಹಳ ಕಾಲ ಬೆಳಿಗ್ಗೆ ಸಂಜೆ ವಾಕಿಂಗಿನವರಿಗೆ ಮಾತ್ರ ತೆರೆದು, ಬಿಸಿಲಿನ ಹೊತ್ತು ಮುಚ್ಚಿರುತ್ತಿದ್ದವು. ನೆರಳು ಬೇಕಾದದ್ದು ಆಗಲೇ! 2024ರಲ್ಲಿ ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಪಾಲಿಕೆ ಹೇಳಿದ ಮೇಲೆ ಡೆಲಿವರಿ ಹುಡುಗರಿಗೂ ಮನೆಗೆಲಸದ ಹೆಂಗಸರಿಗೂ ಮಧ್ಯಾಹ್ನದ ಡಬ್ಬಿ ಬಿಚ್ಚಲು ಒಂದು ಜಾಗವಾಗಬೇಕು. ಕೆಲವರಿಗೆ ಇದು ಹಿಡಿಸದು, 'ಕಂಡಕಂಡವರು ಬಂದು ಮಲಗುತ್ತಾರೆ' ಎನ್ನುತ್ತಾರೆ. ಮಲಗಲಿ. ಅವರಿಗೆ ಕುಡಿಯುವ ನೀರು ಇಡಿ, ಶೌಚಾಲಯ ತೊಳೆಸಿ, ಮರಗಳಿಗೆ ಬಿಗಿದ ಸಿಮೆಂಟು ಒಡೆಸಿ. ಕಾರಂಜಿಯ ದುಡ್ಡು ಪಾರ್ಕೇ ಇಲ್ಲದ ವಾರ್ಡುಗಳಿಗೆ ಹೋಗಲಿ.